ಅಕ್ಷರದಲ್ಲಿ ಹೋದ ನನ್ನ ಮುಖ

ನಮ್ಮ ಮದುವೆಯನ್ನು ಕಂಪ್ಯೂಟರ್ ಕೂಡಿಸಿತು ಎಂದು ಹೇಳುವವರು ಜೇವರ್ಗಿಯಲ್ಲಿ ಇವತ್ತಿಗೂ ಇದ್ದಾರೆ. ಈ ವಾದವನ್ನು ನಾನು ಪೂರ್ತಿಯಾಗಿ ಅಲ್ಲಗಳೆಯುತ್ತೇನೆ. ಮದುವೆ ಮುರಿಯಲು ಕಂಪ್ಯೂಟರ್ ತನ್ನ ಕೈಲಾದದ್ದನ್ನೆಲ್ಲ ಮಾಡಿತ್ತು. ಅದಕ್ಕೆ ಬೇಕಾದ ಸಹಾಯ ಮಾಡಿದವನು ನಾನು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಢಾಲುಗಳು ತಲೆಗೇರಿ, ಪುರಾವೆ ಇಲ್ಲದೆ ಬೆಳಗಾದದ್ದನ್ನೂ ಒಪ್ಪದೆ ತಿರುಗುತ್ತಿದ್ದ ದಿನಗಳವು.

ತೊಂಬತ್ತರ ದಶಕದ ನಡುಭಾಗ. ನಾನು ಜೇವರ್ಗಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಕಾಲೇಜಿನ ಗೆಳೆಯ ಶಿವರಾಜ ಆಳಂದದಲ್ಲಿ ಬುಲೆಟಿನ್ ಬೋರ್ಡ್ ನಡೆಸುತ್ತಿದ್ದ. ಫೋನ್ ತಂತಿಯಲ್ಲಿ ಇನ್ನೊಬ್ಬರ ಕಂಪ್ಯೂಟರಿಗೆ ಹೊಕ್ಕು ಚೀಟಿ ಅಂಟಿಸಿ ಬರುವ ಏರ್ಪಾಡು ಅದು. ಸದಸ್ಯರು ನಾವಿಬ್ಬರೇ. ಅವರ ಊರು ಮಟಕಿಯಲ್ಲಿದ್ದ ಅವನ ತಂಗಿ ಮಹಾದೇವಿಗೆ ನನ್ನನ್ನು ಕೇಳುವ ಮಾತು ಎದ್ದಿತು. ಕಲಬುರಗಿಯ ಚರ್ಚಾಸ್ಪರ್ಧೆಯೊಂದರಲ್ಲಿ ನನ್ನ ಬಾಯಿ ಮುಚ್ಚಿಸಿದ್ದ ಒಬ್ಬಳೇ ಹುಡುಗಿ ಅವಳು. ಅವತ್ತಿನಿಂದ ನನಗೆ ಊಟವೂ ಸರಿಯಾಗಿ ಸೇರುತ್ತಿರಲಿಲ್ಲ.

ಅವಳ ಅಪ್ಪ ಹುಡುಗನ ಫೋಟೋ ಕೇಳಿದರು. ಅಂಚೆಯಲ್ಲಿ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಬರೀ ಅಕ್ಷರ ತೋರಿಸುವ ಪರದೆಯಲ್ಲಿ ಚಿತ್ರವನ್ನೂ ತೋರಿಸಬಹುದು ಎಂದು ಶಿವರಾಜನೊಡನೆ ವಾದಕ್ಕೆ ಬಿದ್ದಿದ್ದೆನಲ್ಲ! ಕೂದಲಿಗೆ ಎಮ್, ಕೆನ್ನೆಗೆ ಚುಕ್ಕೆ, ನೆರಳಿಗೆ ಕೂಡಿಸುವ ಚಿಹ್ನೆ ಎಂದು ನನ್ನ ಮುಖವನ್ನು ಮೂರು ದಿನ ಚೌಕುಳಿ ಕಾಗದದಲ್ಲಿ ಬಿಡಿಸಿ, ಕೀಲಿಮಣೆ ಕುಟ್ಟಿ ಕಳಿಸಿದೆ. ದಾರಿಯಲ್ಲಿ ಫೋನ್ ಲೈನು ಕರಕರ ಅಂದಿತು. ಹಣೆಯ ಮೇಲೆ ಒಂದು ಸಾಲು ಕಸದ ಚಿಹ್ನೆಗಳು ಬಂದು ಕುಳಿತವು. ಶಿವರಾಜ ಅದನ್ನು ಹಾಗೆಯೇ ಮುದ್ರಿಸಿ ಮಟಕಿಗೆ ಒಯ್ದ.

ಮುಂದಿನ ವಾರ ಮಹಾದೇವಿಯ ಅಪ್ಪ, ಶಿವರಾಜ ಇಬ್ಬರೂ ನಮ್ಮ ಮನೆತನ ನೋಡಲು ಬಂದರು. ಅಪ್ಪ ಕಾಗದ ಬಿಚ್ಚಿ ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು.

"ಹಣೀ ಮ್ಯಾಲಿನ ಗಾಯ ಎಲ್ಲಿ ಹೋಯ್ತು, ತಮ್ಮಾ?"

ಅದು ಗಾಯವಲ್ಲ, ಫೋನಿನ ಗದ್ದಲ ಎಂದು ವಿವರಿಸಿದೆ.

"ಫೋನಿನ ಗದ್ದಲ ಹಣೀಗ್ಯಾಕ ಬಡೀತದ? ಬ್ಯಾರೇದವರ ಫೋಟೋ ಕಳಿಸೀರೇನ್ರಿ?"

ರೇಷನ್ ಕಾರ್ಡ್ ತಂದಿಟ್ಟೆ, ಕಾಲೇಜಿನ ಗುರುತಿನ ಚೀಟಿ ತಂದಿಟ್ಟೆ. ಇವೆಲ್ಲ ನಿಮ್ಮ ಹೆಸರಿಗೆ ಪುರಾವೆಯಾದವು, ಈ ಕಾಗದದಲ್ಲಿರುವವರು ನೀವೇ ಎನ್ನುವುದಕ್ಕೆ ಪುರಾವೆ ಏನು ಎಂದು ಅವರು ಕೇಳಿದರು. ತೀರ್ಪುಗಾರನಾಗಿದ್ದರೆ ನಾನೇ ಅವರಿಗೆ ಪೂರ್ಣಾಂಕ ಕೊಡುತ್ತಿದ್ದೆ. ಅವರು ಕಾಗದ ಮಡಚಿ, ಚಪ್ಪಲಿಗೆ ಕಾಲು ಚಾಚಿದರು.

ಅಷ್ಟರಲ್ಲಿ ಅವ್ವ ನನ್ನನ್ನು ಒಳಗೆ ಕರೆದಳು. "ನಿನ್ನ ವಾದ ಸಾಕ್ ಮಾಡಲೇ" ಎಂದವಳೇ ರೊಟ್ಟಿ ಹಂಚಿನ ಮಸಿಯಲ್ಲಿ ನನ್ನ ಹಣೆಗೆ ಅಡ್ಡ ಗೀರು ಎಳೆದು ಹೊರಗೆ ದಬ್ಬಿದಳು. ಮಾವನವರು ಕಾಗದ ಬಿಚ್ಚಿ ಮತ್ತೊಮ್ಮೆ ತಾಳೆ ನೋಡಿದರು. ಮುಖ ಅರಳಿತು.

"ಮದಲೇ ತೋರ್ಸೂದಲ್ಲೇನ್ರಿ? ಗಾಯ ಇದ್ರ ಏನಾಯ್ತು, ಗಂಡಸಿಗಿ."

ಜೀವನದಲ್ಲಿ ನಾನು ಒದಗಿಸಿದ ಏಕೈಕ ಸುಳ್ಳು ಪುರಾವೆ ಅದು, ಒಪ್ಪಿಗೆಯಾದದ್ದೂ ಅದೊಂದೇ. ಮದುವೆಯ ದಿನ ಬಾಸಿಂಗ ಕಟ್ಟಿದ್ದರಿಂದ ಹಣೆಯ ಚಿಂತೆ ಇರಲಿಲ್ಲ. ಆಮೇಲೆ ಮಾವನವರು, ಮಹಾದೇವಿಯ ಕೈಗುಣಕ್ಕೆ ಗಾಯವೇ ಮಾಯವಾಯಿತೆಂದು ಊರೆಲ್ಲ ಹೇಳಿದರು. ಅದನ್ನೂ ಅಲ್ಲಗಳೆಯುವ ಧೈರ್ಯ ನನಗಾಗಲಿಲ್ಲ.

ಆದರೆ ಅಷ್ಟೂ ಹೊತ್ತು ಶಿವರಾಜ ಪಕ್ಕದಲ್ಲೇ ಕುಳಿತು, ಬಸಿಗೆ ಚಹಾ ಸುರುವಿಕೊಂಡು ಕುಡಿಯುತ್ತಿದ್ದ. ಇವನೇ ಅವನು ಎಂದು ಒಂದು ಮಾತೂ ಆಡಲಿಲ್ಲ. ಇಷ್ಟು ವರ್ಷವಾದರೂ ಅವನನ್ನು ಕಂಡಾಗಲೆಲ್ಲ ಕೇಳುತ್ತೇನೆ: ಮೂರು ವರ್ಷ ಒಂದೇ ಬೆಂಚಿನ್ಯಾಗ ಕುಂತವನೇ, ನಿನಗೂ ಅನುಮಾನ ಬಂದಿತ್ತೇನಲೇ?