ಅಮ್ಮನ ಚೀಲವನ್ನು ಬಿಟ್ಟು ಹೊರಟ ನೆಲಕ್ಕೆ

ನಗರದ ಅತಿ ಎತ್ತರದ ಕಟ್ಟಡದ ನೆತ್ತಿಯ ಮೇಲೆ, ಊಟಕ್ಕೆ ಬಂದವರನ್ನೆಲ್ಲ ಹೊತ್ತು ಸುತ್ತುತ್ತಿರುವ ರೆಸ್ಟೋರೆಂಟಿನ ನೆಲದವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮನ್ನು ತುಳಿದು ಬಂದವಳು ತಮಗೇ ಪತ್ರ ಬರೆಯುವುದು ಎಷ್ಟರ ಮಟ್ಟಿಗೆ ಮರ್ಯಾದೆ ಎಂದು ಯೋಚಿಸಿ, ಕನಿಷ್ಠ ಚಪ್ಪಲಿಯನ್ನಾದರೂ ಕಳಚಿಟ್ಟು ಇದನ್ನು ಬರೆಯುತ್ತಿದ್ದೇನೆ. ತಾವು ತಲೆಸುತ್ತಿನ ತೊಂದರೆಯಿಲ್ಲದೆ ಕ್ಷೇಮವಾಗಿ ಸುತ್ತುತ್ತಿದ್ದೀರೆಂದು ನಂಬಿದ್ದೇನೆ. ಗ್ರಾಹಕರು ಬೇಡವೆಂದು ವಾಪಸು ಕಳಿಸಿದ ಪಾರ್ಸೆಲ್ಲುಗಳನ್ನು ಬಿಚ್ಚಿ, ಜೊತೆಗಿರುವ ದೂರನ್ನು ಓದಿ ಕಂಪ್ಯೂಟರಿಗೆ ತುಂಬುವುದು ನನ್ನ ಉದ್ಯೋಗ. ಅಳತೆ ಸರಿಯಿಲ್ಲ, ಚಿತ್ರದಲ್ಲಿ ಕಂಡ ಬಣ್ಣ ಬಟ್ಟೆಯಲ್ಲಿಲ್ಲ ಎಂದು ಊರಿನವರೆಲ್ಲ ಬೈದದ್ದನ್ನು ಓದಿ ಓದಿ ಪಳಗಿದ್ದರೂ, ಸ್ವಂತಕ್ಕೊಂದು ದೂರು ಬರೆಯುತ್ತಿರುವುದು ಇದೇ ಮೊದಲಾದ್ದರಿಂದ, ಏನಾದರೂ ಹೆಚ್ಚುಕಡಿಮೆಯಾದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕಳೆದ ಶನಿವಾರ ಸಂಜೆ ನನ್ನ ಅಮ್ಮನನ್ನು ನಿಲ್ದಾಣದಿಂದ ನೇರವಾಗಿ ತಮ್ಮಲ್ಲಿಗೆ ಊಟಕ್ಕೆ ಕರೆತಂದೆ. ಈ ನಗರಕ್ಕೆ ನಾನು ಹೊಸಬಳು, ಅಮ್ಮ ನನಗಿಂತ ಹೊಸಬಳು. ಮಗಳು ಸುಖವಾಗಿದ್ದಾಳೆಯೇ ಎಂದು ಕಣ್ಣಾರೆ ಕಂಡು, ಸಮಾಧಾನವಾದರೆ ಮರುದಿನವೇ ಹೊರಡುವ ಲೆಕ್ಕಾಚಾರ ಅವಳದು. ದೊಡ್ಡ ಆಫೀಸು, ಬಿಟ್ಟಿರಲಾರದ ಗೆಳತಿಯರು, ಭಾನುವಾರ ಬಂತೆಂದರೆ ತಿರುಗಾಟ ಎಂದು ತಿಂಗಳುಗಟ್ಟಲೆ ಫೋನಿನಲ್ಲಿ ಬಿಟ್ಟ ಬುರುಡೆಗೆ ಒಂದು ಸಂಜೆಯ ಮಟ್ಟಿಗಾದರೂ ಸಾಕ್ಷಿ ಒದಗಿಸುವ ಲೆಕ್ಕಾಚಾರ ನನ್ನದು. ನನ್ನ ಕೋಣೆಯನ್ನು ನೋಡುವ ಮೊದಲು ಅವಳು ನಗರವನ್ನು ನೋಡಲಿ, ಅದೂ ಆದಷ್ಟು ಮೇಲಿನಿಂದ ನೋಡಲಿ ಎಂದುಕೊಂಡೆ. ಅಷ್ಟು ಮೇಲಿನಿಂದ ನೋಡಿದರೆ ದೀಪಗಳು ಮಾತ್ರ ಕಾಣುತ್ತವೆ, ಯಾರು ಒಬ್ಬರೇ ಉಣ್ಣುತ್ತಿದ್ದಾರೆಂಬುದು ಕಾಣುವುದಿಲ್ಲ.

ಅಮ್ಮನ ಬಗ್ಗೆ ತಮಗೊಂದು ಮಾತು ಹೇಳಬೇಕು. ಜನ್ಮವಿಡೀ ನೂಕುನುಗ್ಗಲಿನ ಬಸ್ಸುಗಳಲ್ಲಿ ಓಡಾಡಿದ ಅವಳಿಗೆ, ಎಲ್ಲಿಗೆ ಹೋದರೂ ಮೊದಲು ಕಿಟಕಿಗೆ ಚೀಲ ಇಟ್ಟು ಜಾಗ ಹಿಡಿಯದಿದ್ದರೆ ಜೀವಕ್ಕೆ ನೆಮ್ಮದಿಯಿಲ್ಲ. ಬಿಳಿ ಬಟ್ಟೆ ಹಾಸಿದ, ನಮ್ಮ ಹೆಸರಿಗೇ ಕಾದಿರಿಸಿದ ಟೇಬಲ್ಲಿಗೆ ಬಂದಾಗಲೂ, ಆಗತಾನೇ ಪ್ರಯಾಣ ಮುಗಿಸಿದ ಆ ಉಬ್ಬಿದ ಬಟ್ಟೆಯ ಚೀಲವನ್ನು ಕಿಟಕಿಯ ಕಟ್ಟೆಯ ಮೇಲೆ ಒತ್ತಿ ಕೂರಿಸಿ, "ಹಿಡಿದಾಯ್ತು, ಇನ್ನು ಕೂತ್ಕೋ" ಎಂದಳು.

ತಾವು ತಿರುಗುತ್ತೀರೆಂದು ನನಗೆ ಗೊತ್ತಿತ್ತು. ತಾವು ತಿರುಗಿದರೂ ಕಿಟಕಿಯ ಕಟ್ಟೆ ಇದ್ದಲ್ಲೇ ಇರುತ್ತದೆಂದು ಮಾತ್ರ ಗೊತ್ತಿರಲಿಲ್ಲ, ತಿಳಿಸಬೇಕೆಂದು ತಮಗೂ ತೋಚಲಿಲ್ಲ. ಸೂಪು ಬರುವಷ್ಟರಲ್ಲಿ ಚೀಲ ಮಾಯ. ಅಮ್ಮ ಹಾಕಿದ ಕೂಗಿಗೆ ಇಡೀ ರೆಸ್ಟೋರೆಂಟು ಚಮಚ ಕೆಳಗಿಟ್ಟಿತು. ನೋಡಿದರೆ ಚೀಲ ಹಿಂದಿನ ಟೇಬಲ್ಲಿನ ಪಕ್ಕದಲ್ಲಿತ್ತು, ಅಲ್ಲೊಬ್ಬ ತರುಣ ಉಂಗುರದ ಡಬ್ಬಿ ತೆರೆದು ಹಿಡಿದಿದ್ದ, ಅವನ ಹುಡುಗಿ ಉಂಗುರವನ್ನು ಬಿಟ್ಟು ನಮ್ಮ ಚೀಲವನ್ನೇ ಅನುಮಾನದಿಂದ ನೋಡುತ್ತಿದ್ದಳು. ತರಲು ಓಡಿದ ವೇಟರನನ್ನು ಅಮ್ಮ ತಡೆದಳು. ವಿಷಯ ಅವಳಿಗೆ ಆಗಲೇ ಅರ್ಥವಾಗಿತ್ತು. "ಇರ್ಲಿ ಬಿಡಪ್ಪ, ನಾವೇ ಸುತ್ತಿ ಅದರ ಹತ್ರ ಹೋಗ್ತಿದ್ದೀವಲ್ಲ" ಎಂದು ಹೇಳಿ ನೆಮ್ಮದಿಯಾಗಿ ಸೂಪು ಕುಡಿದಳು.

ನಾನೂ ನೆಮ್ಮದಿಯಾಗಿ ರೈಲು ಬಿಡತೊಡಗಿದೆ. ಚೀಲ ಇಟ್ಟ ಗಳಿಗೆಯಲ್ಲಿ ಎದುರಿಗಿದ್ದ, ತಲೆಯ ಮೇಲೆ ಹಸಿರು ದೀಪ ಹೊತ್ತ ಗಾಜಿನ ಕಟ್ಟಡವನ್ನು ಆಗಲೇ ನನ್ನ ಆಫೀಸೆಂದು ತೋರಿಸಿದ್ದೆ. ತಾವು ಮುಂದೆ ಸಾಗಿದಂತೆ ನನ್ನ ಧೈರ್ಯವೂ ಸಾಗಿತು. ಯಾವುದೋ ಕತ್ತಲೆಯ ಮರಗಳನ್ನು ನಾವು ಗೆಳತಿಯರು ವಾಕಿಂಗ್ ಹೋಗುವ ಪಾರ್ಕೆಂದೆ, ಯಾರದೋ ತಾರಸಿಯನ್ನು ನನ್ನ ಹುಟ್ಟುಹಬ್ಬ ಮಾಡಿದ ಮನೆಯೆಂದೆ. ಅಮ್ಮ ಎಲ್ಲದಕ್ಕೂ ಹೂಂಗುಟ್ಟುತ್ತಿದ್ದಳು. ಕೊನೆಗೆ ಹಸಿರು ದೀಪದ ಕಟ್ಟಡವೊಂದು ಎದುರಾದಾಗ, ಅದು ಊರಿನ ದೊಡ್ಡ ಆಸ್ಪತ್ರೆ, ಅಲ್ಲಿನ ಡಾಕ್ಟರೊಬ್ಬಳು ನನ್ನ ಜೀವದ ಗೆಳತಿ ಎಂದೆ. ಅಮ್ಮ ಕೈಚಾಚಿ, ಆ ಕಟ್ಟಡದ ಕೆಳಗೇ ಕಟ್ಟೆಯ ಮೇಲೆ ಕುಳಿತಿದ್ದ ತನ್ನ ಚೀಲವನ್ನು ಎತ್ತಿಕೊಂಡಳು.

"ನಿನ್ನ ಆಫೀಸಲ್ಲೇ ಆಸ್ಪತ್ರೆನೂ ಇದೆಯಾ? ಒಳ್ಳೇದಾಯ್ತು ಬಿಡು" ಎಂದಳು.

ಮಾನ್ಯರೇ, ಒಂದೇ ಊಟದಲ್ಲಿ ನನ್ನ ಬಂಡವಾಳವನ್ನು ಇಷ್ಟು ಸೊಗಸಾಗಿ ಬಯಲು ಮಾಡಿದ ತಮ್ಮ ಕಾರ್ಯದಕ್ಷತೆಯನ್ನು ಯಾವ ಬಾಯಿಂದ ಹೊಗಳಲಿ? ಹೇಳಿದ್ದನ್ನೇ ಮತ್ತೆ ತಂದು ಎದುರಿಗಿಡುವ ಪ್ರಾಮಾಣಿಕರು ಈ ನಗರದಲ್ಲಿ ತಾವೊಬ್ಬರೇ ಇರಬೇಕು. ಆದರೂ ಮುಂದಕ್ಕೆ, ದೂರದಿಂದ ಬಂದ ತಾಯಂದಿರು ಕುಳಿತಿರುವಾಗ ಸುತ್ತು ಪೂರ್ತಿ ಮಾಡದೆ ಅರ್ಧಕ್ಕೇ ಮೈಮರೆತು ನಿಲ್ಲಬೇಕೆಂದೂ, ಅದು ಆಗದಿದ್ದರೆ ಪ್ರತಿ ಸುತ್ತಿಗೂ ಬೇರೆಯದೇ ನಗರವೊಂದನ್ನು ತೋರಿಸಬೇಕೆಂದೂ, ಅದೂ ಕೈಲಾಗದಿದ್ದರೆ ಹಸಿರು ದೀಪದ ಕಟ್ಟಡದವರಿಗೆ ಹೇಳಿ ಊಟದ ಹೊತ್ತಿಗೆ ಅದನ್ನು ಪಕ್ಕಕ್ಕೆ ಸರಿಸಿಡಬೇಕೆಂದೂ ವಿನಂತಿಸುತ್ತೇನೆ.

ಆಮೇಲೆ ನಡೆದದ್ದಕ್ಕೆ ತಾವೇ ಸಾಕ್ಷಿ. ಅಮ್ಮ ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಎತ್ತಿಕೊಂಡ ಚೀಲವನ್ನು ಮತ್ತೆ ಅದೇ ಕಟ್ಟೆಯ ಮೇಲಿಟ್ಟು, "ಇನ್ನೊಂದು ಸುತ್ತು ಹೋಗೋಣ ಪುಟ್ಟಿ, ಈ ಸಲ ನಿಜವಾದ ಊರು ತೋರಿಸು" ಎಂದಳು. ತೋರಿಸಿದೆ. ಆ ಕಟ್ಟಡ ಯಾರದೋ ಗೊತ್ತಿಲ್ಲ ಎಂದೆ, ಆ ಪಾರ್ಕಿಗೆ ಬಾಗಿಲು ಎಲ್ಲಿದೆಯೋ ತಿಳಿಯದು ಎಂದೆ. ಮೇಲ್ಸೇತುವೆಯ ಹಿಂದೆ ದೀಪವಿಲ್ಲದ ತಗ್ಗನ್ನು ತೋರಿಸಿ, ನನ್ನ ಕೋಣೆ ಅಲ್ಲಿದೆ, ಮಧ್ಯಾಹ್ನ ಪಾರ್ಸೆಲ್ಲುಗಳ ನಡುವೆ ಒಬ್ಬಳೇ ಕೂತು ಉಣ್ಣುತ್ತೇನೆ ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂತು. ತಮ್ಮ ಮೇಲೂ ನಾಲ್ಕು ಹನಿ ಬಿದ್ದಿರಬೇಕು, ಸೂಪು ಚೆಲ್ಲಿದೆಯೆಂದು ಯಾರೋ ಒರೆಸಿರುತ್ತಾರೆ. ಅಮ್ಮ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು, ಚೀಲ ಮತ್ತೆ ಬರುವವರೆಗೂ ಬಿಡಲಿಲ್ಲ.

ತಮ್ಮನ್ನು ನಂಬಿ ಕೆಟ್ಟರೂ ನಂಬುವುದನ್ನು ಬಿಡದ,
ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಟೇಬಲ್ಲಿನವಳು

ಮರೆತ ಮಾತು: ಅಮ್ಮ ಮರುದಿನ ಹೊರಡಲಿಲ್ಲ. ಆ ಡಾಕ್ಟರ್ ಗೆಳತಿಯನ್ನು ಒಮ್ಮೆ ನೋಡಬೇಕೆಂದು ದಿನಕ್ಕೊಂದು ಸಲ ಕೆಣಕುತ್ತಾಳೆ, ಮುಂದಿನ ಸುತ್ತಿನಲ್ಲಿ ಯಾರಾದರೂ ಸಿಕ್ಕರೆ ಇತ್ತ ಕಳುಹಿಸಿಕೊಡಿ. ನನ್ನ ಕೋಣೆಯ ಕಿಟಕಿಯಿಂದ ಪಕ್ಕದ ಮನೆಯ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಆದರೆ ಬಂದ ದಿನ ಅಮ್ಮ ಅದರ ಕಟ್ಟೆಯ ಮೇಲೆ ಚೀಲ ಇಟ್ಟು "ಹಿಡಿದಾಯ್ತು" ಎಂದವಳು ಇನ್ನೂ ತೆಗೆದಿಲ್ಲ, ನಮ್ಮ ನೆಲ ತಮ್ಮಷ್ಟು ಮುಂದುವರಿದಿಲ್ಲವಾದ್ದರಿಂದ ಚೀಲ ಇಟ್ಟಲ್ಲೇ ಇದೆ.