ಪುಕ್ಕಲನ ಕೈಗೆ ಸಮುದ್ರದ ಮಣ್ಣು

ಹೆದರುವವನನ್ನೇ ಹುಡುಕಿಕೊಂಡು ಹೆದರಿಸುವ ಸಂಗತಿಗಳು ಬರುತ್ತವೆ. ನನ್ನ ಹತ್ತಿರ ಅವು ವಿಳಾಸ ಕೇಳದೆ ಬರುತ್ತವೆ. ಹುಟ್ಟಿದ್ದು ಕೋಲಾರದ ಕಡೆಯ ಮಾಸ್ತಿ. ಕೆರೆಗಿಂತ ದೊಡ್ಡ ನೀರು ಕಂಡವನಲ್ಲ. ಅಂಥವನಿಗೆ ಸಿಕ್ಕ ಕೆಲಸ ಏನೆಂದರೆ, ಕರಾವಳಿಯ ಕೆಸರಿಗೆ ಕೊಳವೆ ಇಳಿಸಿ ಮಣ್ಣು ತೆಗೆದು, ಸಾವಿರಾರು ವರ್ಷಗಳ ಹಿಂದೆ ಸಮುದ್ರ ಎಲ್ಲಿಯವರೆಗೆ ಬಂದಿತ್ತೆಂದು ಪತ್ತೆಹಚ್ಚುವುದು.

೧. ಮೊದಲು ಯಾರು?

ಮೊದಲ ದಿನವೇ ಅಳಿವೆಯ ಕೆಸರಿನಲ್ಲಿ ಮೊಣಕಾಲಿನವರೆಗೆ ಹೂತುಹೋದೆ. ಕೈಯಲ್ಲಿ ಆಗಷ್ಟೇ ಮೇಲೆತ್ತಿದ ಮಣ್ಣಿನ ಕೊಳವೆ. ಅಷ್ಟರಲ್ಲಿ ಉಬ್ಬರ ಶುರುವಾಗಿ ನೀರು ಸೊಂಟಕ್ಕೆ ಬಂತು. ಕಾಲು ಕಿತ್ತಷ್ಟೂ ಒಳಗೆ ಹೋಗುತ್ತಿದೆ.

"ಮೇಡಂ, ಮುಳುಗ್ತಾ ಇದೀನಿ!" ಎಂದು ಕಿರುಚಿದೆ.

ನಮ್ಮ ಮುಖ್ಯಸ್ಥೆ ದೋಣಿಯಿಂದ ಎರಡೂ ಕೈ ಚಾಚಿದರು. ಬದುಕಿದೆನಪ್ಪಾ ಎಂದು ನಾನೂ ಕೈ ಚಾಚಿದೆ.

"ನೀವಲ್ಲ, ಮೊದಲು ಕೊಳವೆ ಕೊಡಿ!"

ದೋಣಿ ಹತ್ತಿದ ಮೇಲೆ ಅಳು ತಡೆದುಕೊಂಡು ಕೇಳಿದೆ: "ನನ್ನ ಜೀವಕ್ಕಿಂತ ಮಣ್ಣು ಹೆಚ್ಚಾ ಮೇಡಂ?"

"ಅದಕ್ಕೆ ಸಾವಿರಾರು ವರ್ಷ ಆಗಿದೆ ಕಣ್ರೀ. ಹಿರಿಯರಿಗೆ ಮರ್ಯಾದೆ ಬೇಡ್ವಾ?"

೨. ಬಿಸಿಲು ಬೀಳಬಾರದು

ಇನ್ನೊಮ್ಮೆ ಪೂರ್ವ ಕರಾವಳಿಯಿಂದ ಕೊಳವೆಗಳಿಗೆ ಕಪ್ಪು ಪ್ಲಾಸ್ಟಿಕ್ ಸುತ್ತಿ ಜೀಪಿನಲ್ಲಿ ತರುತ್ತಿದ್ದೆ. ರಾಜ್ಯದ ಗಡಿ ದಾಟಿದೊಡನೆ ನಂಗಲಿ ಹತ್ತಿರ ಪೊಲೀಸರು ನಿಲ್ಲಿಸಿದರು. ಒಳಗಿನ ಮರಳಿಗೆ ಬೆಳಕು ತಗುಲಿದರೆ ಅದರ ವಯಸ್ಸು ಅಳೆಯಲು ಬರುವುದಿಲ್ಲ. ತಿಂಗಳುಗಟ್ಟಲೆ ಪಟ್ಟ ಪಾಡು ವ್ಯರ್ಥ.

"ಏಮಯ್ಯಾ, ಏನಿದು?" ಎಂದರು ಪೇದೆ.

"ಮಣ್ಣು ಸಾರ್."

"ಕೋಲಾರಕ್ಕೆ ಹೊರಗಿಂದ ಮಣ್ಣು ತರ್ತೀಯಾ? ಬಿಚ್ಚು."

ಕೊಳವೆಗಳ ಮೇಲೆ ಕವುಚಿಬಿದ್ದೆ. "ಬೇಡಿ ಸಾರ್! ಬಿಸಿಲು ಬಿದ್ರೆ ವಯಸ್ಸು ಕೆಟ್ಟೋಗುತ್ತೆ!"

ಅವರು ನನ್ನ ಕಾಗದಪತ್ರ ಪೂರ್ತಿ ಓದಿ ನಿಟ್ಟುಸಿರುಬಿಟ್ಟರು. "ನಮ್ಮನೆಯವಳೂ ಇದೇ ಹೇಳ್ತಾಳೆ. ಛತ್ರಿ ಇಲ್ದೆ ಆಚೆಗೇ ಬರಲ್ಲ. ಹೋಗಯ್ಯಾ."

೩. ಅತ್ತೆಯ ಹೊಲ

ರಜೆಗೆ ಮಾಸ್ತಿಗೆ ಹೋಗಿದ್ದಾಗ ಸೋದರತ್ತೆ ಟೊಮೇಟೊ ಹೊಲದಿಂದ ಓಡಿಬಂದರು. ಕೈಯಲ್ಲಿ ಒಂದು ಚಿಪ್ಪು.

"ಲೇ, ಚಿಪ್ಪು ಸಿಕ್ಕಿದ ಕಡೆ ಸಮುದ್ರ ಇತ್ತು ಅಂದಿದ್ದೆ ಅಲ್ವೇನೋ? ಇದು ಏನ್ಲಾ?"

ನೋಡಿದೆ. ಕೆರೆಯದಲ್ಲ, ಅಪ್ಪಟ ಸಮುದ್ರದ ಚಿಪ್ಪು. ಹೊಲಕ್ಕೆ ಹೋಗಿ ಕೆದಕಿದರೆ ಸಾಲುಸಾಲಿಗೂ ಚೂರುಗಳು! ಮಾಸ್ತಿಯವರೆಗೆ ಸಮುದ್ರ ಏರಿತ್ತೆಂದರೆ ನಾವು ಕಟ್ಟಿದ ಲೆಕ್ಕವೆಲ್ಲ ಸುಳ್ಳು. ಹೊಲದಲ್ಲಿ ನಿಂತೇ ಮೇಡಂಗೆ ಫೋನ್ ಮಾಡಿದೆ. ಅತ್ತೆ ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಹಂಚಿದ್ದರು. "ಸಮುದ್ರ ಮತ್ತೆ ಬಂದ್ರೆ ಹಸುಗಳನ್ನ ಎಲ್ಲಿಗೆ ಹೊಡಕೊಂಡು ಹೋಗೋದು?" ಎಂದು ಪಕ್ಕದ ಮನೆಯಾಕೆ ಅಳುತ್ತಿದ್ದರು.

ಮೇಡಂ ಮಧ್ಯಾಹ್ನವೇ ಬೆಂಗಳೂರಿಂದ ಕಾರಲ್ಲಿ ಬಂದರು. ಮೊಳದಾಳ ಅಗೆಸಿದರು. ಚಿಪ್ಪೆಲ್ಲ ಮೇಲಿನ ಗೇಣಾಳದ ಮಣ್ಣಲ್ಲೇ. ಕೆಳಗೆ ಒಂದೂ ಇಲ್ಲ. ಜೊತೆಗೆ ಒಂದು ಬಿಳಿ ಪುಕ್ಕ. ಮೇಡಂ ಅದನ್ನು ಎತ್ತಿ ಹಿಡಿದು ತಣ್ಣಗೆ ಕೇಳಿದರು: "ಅಮ್ಮಾ, ಈ ಹೊಲಕ್ಕೆ ಏನು ಗೊಬ್ಬರ ಹಾಕಿದ್ರಿ?"

"ಕೋಳಿ ಗೊಬ್ಬರ. ಫಾರಂದು."

ಫಾರಂ ಕೋಳಿಗಳ ಮೇವಿಗೆ ಸಮುದ್ರದ ಚಿಪ್ಪಿನ ಚೂರು ಬೆರೆಸುತ್ತಾರೆ, ಮೊಟ್ಟೆ ಗಟ್ಟಿಯಾಗಲಿ ಎಂದು. ಚೆಲ್ಲಿದ್ದೆಲ್ಲ ಗೊಬ್ಬರಕ್ಕೇ ಸೇರುತ್ತದೆ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೇಡಂ ಆ ಪುಕ್ಕವನ್ನು ನನ್ನ ಜೇಬಿಗೆ ಸಿಕ್ಕಿಸಿ ಕಾರಿನತ್ತ ನಡೆದರು.

ಅತ್ತೆ ಮಾತ್ರ ನನ್ನ ಬೆನ್ನು ತಟ್ಟಿದರು. "ಹೆದರಬೇಡ ಕಣೋ. ಸಮುದ್ರ ಬಂದಿದ್ದಂತೂ ನಿಜ. ಎರಡು ಲೋಡು ತರಿಸಿದ್ದು ನಾನೇ."