ಷಡ್ಡಕನ ಸ್ಟ್ರಾ

ಸುಬ್ರಮಣಿಯ ಹೊಟ್ಟೆ ಉರಿಯಲು ಶುರುವಾದದ್ದು ಒಂದು ಸ್ಟ್ರಾದಿಂದ. ಗುಲಾಬಿ ಬಣ್ಣದ, ಕತ್ತು ಬಗ್ಗುವ ಸ್ಟ್ರಾ. ತಮಿಳುನಾಡಿನ ಪೆನ್ನಾಗರಂ ಬಸ್ ಸ್ಟ್ಯಾಂಡಿನ ಎದುರು ಎಳನೀರು ಮಾರುವ ಪಳನಿ ಅದನ್ನು ಒಂದು ಎಳನೀರಿಗೆ ಚುಚ್ಚಿ ಕಾಲೇಜು ಹುಡುಗಿಯೊಬ್ಬಳಿಗೆ ಕೊಟ್ಟ. ಆಕೆ ಅದರ ಜೊತೆ ಫೋಟೋ ತೆಗೆದುಕೊಂಡಳು. ಅಲ್ಲಿಂದ ಮುಂದೆ ಕಾಲೇಜು ಬಿಟ್ಟರೆ ಸಾಕು, ಅರ್ಧ ಕಾಲೇಜು ಪಳನಿಯ ಗಾಡಿಯ ಮುಂದೆ. ರಸ್ತೆಯ ಈಚೆ ನನ್ನಾರಿ ಬೇರಿನ ಸರಬತ್ತಿನ ಅಂಗಡಿ ಇಟ್ಟುಕೊಂಡಿದ್ದ ಸುಬ್ರಮಣಿಯ ಮುಂದೆ ನೊಣ ಮಾತ್ರ.

ಪಳನಿ ಹೊರಗಿನವನಾಗಿದ್ದರೆ ಹೇಗೋ ಸಹಿಸಬಹುದಿತ್ತು. ಅವನು ಷಡ್ಡಕ. ದೊಡ್ಡಮುನಿಯಮ್ಮನ ಹಿರಿಯ ಮಗಳು ಮೇನಕಾ ಸುಬ್ರಮಣಿಯ ಹೆಂಡತಿ, ಕಿರಿಯವಳು ಮುನಿಲಕ್ಷ್ಮಿ ಪಳನಿಯ ಹೆಂಡತಿ. ಪಕ್ಕದ ಮನೆಯವನ ಮೇಲೆ ಹೊಟ್ಟೆಕಿಚ್ಚಾದರೆ ಬಾಗಿಲು ಹಾಕಿಕೊಂಡು ಮಲಗಬಹುದು. ಷಡ್ಡಕನ ಮೇಲಾದರೆ ಹೆಂಡತಿ ಬಡಿಸುವ ಅನ್ನದ ಜೊತೆ ಅದನ್ನೂ ಎರಡು ಹೊತ್ತು ಉಣ್ಣಬೇಕು. ತಂಗಿಗೆ ಮಿಕ್ಸಿ ಬಂತಂತೆ, ತಂಗಿಯ ಮನೆಗೆ ಸುಣ್ಣ ಹೊಡೆಸಿದರಂತೆ ಎಂದು ಮೇನಕಾ ಸಾರಿನ ಮೇಲೆ ಸಾರು ಸುರಿಯುತ್ತಿದ್ದಳು.

ಸುಬ್ರಮಣಿಗೆ ತಿಳಿದಿದ್ದ ಮದ್ದು ಒಂದೇ: ಪಳನಿ ಮಾಡಿದ್ದನ್ನು ತಾನೂ ಮಾಡುವುದು, ಎರಡರಷ್ಟು ಮಾಡುವುದು. ಪಳನಿ ಒಂದು ಕಟ್ಟು ಸ್ಟ್ರಾ ತಂದರೆ ಇವನು ಸೇಲಂಗೆ ಹೋಗಿ ಒಂದು ಮೂಟೆ ತಂದ. ಹಸಿರು, ಹಳದಿ, ಪಟ್ಟೆ ಪಟ್ಟೆಯವು. ಸರಬತ್ತಿನ ನಿಂಬೆ ಬೀಜ ಸ್ಟ್ರಾದಲ್ಲಿ ಸಿಕ್ಕಿಕೊಂಡು, ಕುಡಿಯುವವರ ಕೆನ್ನೆ ಒಳಗೆ ಹೋಗಿ ಕಣ್ಣು ಹೊರಗೆ ಬಂದವು. ಯಾರೂ ಎರಡನೇ ಸಲ ಕೇಳಲಿಲ್ಲ. ಪಳನಿ ಗಾಡಿಯ ಕಂಬಕ್ಕೆ ಪುದೀನ ವಾಸನೆಯ ತಂಬಾಕು ಪೊಟ್ಟಣದ ಒಂದು ಸರ ನೇತುಹಾಕಿದರೆ ಇವನು ಪುದೀನ, ಏಲಕ್ಕಿ, ಗುಲಾಬಿ ಎಲ್ಲವನ್ನೂ ತಂದು ಪೇರಿಸಿದ. ಅದರಲ್ಲಿ ಗುಲಾಬಿಯದು ಮಾತ್ರ ಖರ್ಚಾಗುತ್ತಿತ್ತು. ತಿನ್ನುತ್ತಿದ್ದವಳು ಅತ್ತೆ ದೊಡ್ಡಮುನಿಯಮ್ಮ, ಅದೂ ಬಿಟ್ಟಿ.

ಆ ದಿನ ಬೆಳಿಗ್ಗೆ ಆಟೋ ಒಂದು ಮೈಕ್ ಕಟ್ಟಿಕೊಂಡು ಪೇಟೆಯೆಲ್ಲ ತಮಿಳಿನಲ್ಲಿ ಸಾರುತ್ತ ಬಂತು. ಪ್ಲಾಸ್ಟಿಕ್ ಸ್ಟ್ರಾ, ವಾಸನೆ ಹಾಕಿದ ತಂಬಾಕು ಎರಡನ್ನೂ ಪೂರಾ ನಿಲ್ಲಿಸಬೇಕೆಂದು ಪಂಚಾಯ್ತಿ ಠರಾವು ಮಾಡಿದೆ, ಮೇಲಿನವರಿಗೂ ಬರೆದಿದೆ. ವ್ಯಾಪಾರಿಗಳು ತಾವಾಗಿಯೇ ಬಿಡಬೇಕು. ಸಾಯಂಕಾಲ ಹೆಲ್ತ್ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಒಬ್ಬ ಒಳ್ಳೆಯ ವ್ಯಾಪಾರಿಗೆ ಬಸ್ ಸ್ಟ್ಯಾಂಡಿನ ಒಳಗಿರುವ ಹೊಸ ಮೂಲೆ ಅಂಗಡಿಯನ್ನು ಒಂದು ವರ್ಷ ಬಾಡಿಗೆಯಿಲ್ಲದೆ ಕೊಡುತ್ತಾರೆ.

ಮೂಲೆ ಅಂಗಡಿ! ಧರ್ಮಪುರಿ ಬಸ್ಸು, ಹೊಗೇನಕಲ್ ಬಸ್ಸು ಎರಡೂ ಅದರ ಮುಂದೆಯೇ ನಿಲ್ಲುತ್ತವೆ. ಮೇಲೆ ಫ್ಯಾನು, ಕೆಳಗೆ ಟೈಲ್ಸು. ಅದು ತನಗೆ ಸಿಕ್ಕಬೇಕೆಂದು ಸುಬ್ರಮಣಿಗೆ ಆಸೆಯಾಯಿತು. ಮರುಗಳಿಗೆಯೇ ಅದು ಪಳನಿಗೆ ಸಿಕ್ಕಿಬಿಟ್ಟರೆ ಎಂಬ ಯೋಚನೆ ಬಂದು, ಮೊದಲ ಆಸೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಪಳನಿ ಆ ಫ್ಯಾನಿನ ಕೆಳಗೆ ಕೂತು ಕಾಲಾಡಿಸುವ ಚಿತ್ರವೇ ಕಣ್ಣ ಮುಂದೆ ನಿಂತಿತು.

ಒಳ್ಳೆಯ ವ್ಯಾಪಾರಿ ಎಂದರೆ ಅಂಗಡಿಯಲ್ಲಿ ಒಂದು ಸ್ಟ್ರಾವೂ ಇಲ್ಲದವನು ಎಂದು ಪೇಟೆಯೇ ಅರ್ಥ ಮಾಡಿಕೊಂಡಿತು. ಸುಬ್ರಮಣಿ ಸ್ಟ್ರಾ, ಪೊಟ್ಟಣ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಮೊಪೆಡ್ ಮೇಲೆ ಮನೆಗೆ ಸಾಗಿಸಿದ. ಮಂಚದ ಕೆಳಗೆ ತುರುಕುವಷ್ಟರಲ್ಲಿ ಜಗಲಿಯಲ್ಲಿ ಕೂತಿದ್ದ ದೊಡ್ಡಮುನಿಯಮ್ಮ ಮೂಗರಳಿಸಿ ಒಳಗೆ ಬಂದಳು. ಕಣ್ಣು ಮಂಜಾಗಿದ್ದರೂ ಅವಳ ಮೂಗು ಚುರುಕಾಗಿತ್ತು. ಚೀಲದ ಬಾಯಿ ಬಿಚ್ಚಿ ಗುಲಾಬಿಯ ಒಂದು ಸರವನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಿಂದೆಯೇ ಮೇನಕಾ ಬಂದು, ಇನ್‌ಸ್ಪೆಕ್ಟರ್ ಮನೆಗೂ ಬಂದರೆ ಮಾನ ಯಾರದು ಹೋಗುತ್ತದೆ, ಈ ದರಿದ್ರವನ್ನು ಮೊದಲು ಆಚೆ ಹಾಕಿ ಎಂದು ಚೀಲವನ್ನು ಬೀದಿಗೆ ಎಳೆದಳು.

ಸುಬ್ರಮಣಿ ಚೀಲವನ್ನು ಮತ್ತೆ ಬಸ್ ಸ್ಟ್ಯಾಂಡಿಗೆ ತಂದ. ಟೀ ಅಂಗಡಿಯ ಅಣ್ಣಾಮಲೈ ತಡೆದು ಏನದು ಎಂದು ಕೇಳಿದ. ಪೇಟೆಯಲ್ಲಿ ಯಾರ ಚೀಲದಲ್ಲಿ ಏನಿದೆ ಎಂದು ತಿಳಿಯದಿದ್ದರೆ ಅಣ್ಣಾಮಲೈಗೆ ಟೀ ಕುದಿಯುತ್ತಿರಲಿಲ್ಲ. ದನಕ್ಕೆ ಹಿಂಡಿ ಎಂದು ಸುಬ್ರಮಣಿ ಸುಳ್ಳು ಹೇಳಿದ. ಅವನ ಮನೆಯಲ್ಲಿ ದನವೇ ಇಲ್ಲವೆಂಬುದು ಹೇಳಿದ ಮೇಲೆ ನೆನಪಾಯಿತು. ಅಷ್ಟರಲ್ಲಿ ಅಣ್ಣಾಮಲೈಯ ಹೆಂಡತಿ ಚಿನ್ನತಾಯಿ, ನಮ್ಮ ಹಸುವಿಗೂ ಎರಡು ಹಿಡಿ ಕೊಡಣ್ಣ ಎಂದು ಬುಟ್ಟಿ ಹಿಡಿದು ಬಂದಳು, ಹಿಂದೆ ಹಸುವೂ ಬಂತು. ಹಸು ಚೀಲಕ್ಕೆ ಮೂಗಿಟ್ಟು ಪುದೀನ, ಏಲಕ್ಕಿ, ಗುಲಾಬಿ ಮೂರನ್ನೂ ಒಟ್ಟಿಗೆ ಮೂಸಿ, ಸುಬ್ರಮಣಿಯ ಮುಖಕ್ಕೇ ಒಂದು ಸೀನು ಸೀನಿತು. ಅವನು ಮುಖ ಒರೆಸಿಕೊಳ್ಳುತ್ತಲೇ ಅಲ್ಲಿಂದ ಕಂಬಿಕಿತ್ತ.

ಆಗ ರಸ್ತೆಯಾಚೆಯಿಂದ ಪಳನಿಯೇ ಕೂಗಿದ.

"ಅಣ್ಣಾ, ಉಂಡು ಬತ್ತೀನಿ. ಗಾಡಿ ಒಂಚೂರು ನೋಡ್ಕತೀಯಾ?"

ಅದು ಅವರಿಬ್ಬರ ನಡುವಿನ ಪದ್ಧತಿ. ಒಬ್ಬ ಊಟಕ್ಕೆ ಹೋದರೆ ಇನ್ನೊಬ್ಬ ಕಾಯಬೇಕು. ಹೊಟ್ಟೆಯಲ್ಲಿ ಏನೇ ಉರಿಯಲಿ, ಈ ಪದ್ಧತಿಯನ್ನು ಸುಬ್ರಮಣಿ ತಪ್ಪಿಸಿರಲಿಲ್ಲ. ಇಂದಂತೂ ಓಡಿಯೇ ಹೋದ. ಗಾಡಿಯ ಹಿಂದೆ ಖಾಲಿ ಬುರುಡೆಗಳ ಗುಡ್ಡೆ ಅವನೆತ್ತರಕ್ಕೆ ಬಿದ್ದಿತ್ತು. ಪಳನಿಯ ಬೆನ್ನು ಮರೆಯಾಗುತ್ತಲೂ ಚೀಲವನ್ನು ಅದರ ಹೊಟ್ಟೆಯೊಳಗೆ ತಳ್ಳಿ, ಮೇಲೆ ಬುರುಡೆ ಜೋಡಿಸಿದ. ತನ್ನ ಪೀಡೆಯೂ ತೊಲಗಿತು, ಷಡ್ಡಕನಿಗೆ ಅದು ಅಂಟಿಯೂ ಅಂಟಿತು. ಊಟ ಮುಗಿಸಿ ಬಂದ ಪಳನಿ ನೋಡಿಕೊಂಡದ್ದಕ್ಕೆ ಒಂದು ಎಳೆಯ ಎಳನೀರು ಕೆತ್ತಿಕೊಟ್ಟ. ಸುಬ್ರಮಣಿ ಅದನ್ನೂ ಕುಡಿದು ಬಾಯಿ ಒರೆಸಿಕೊಂಡ.

ಸಾಯಂಕಾಲ ಇನ್‌ಸ್ಪೆಕ್ಟರ್ ಭಾರ್ಗವಿ ಬಂದರು. ಸೇಲಂನಲ್ಲಿ ಹುಟ್ಟಿ ಬೆಳೆದ ಕನ್ನಡದವರು. ಹಳದಿ ಬಟ್ಟೆ ಚೀಲ ತಗುಲಿಸಿಕೊಂಡು, ಯಾರನ್ನೂ ಗದರದೆ, ಅಂಗಡಿ ಅಂಗಡಿಗೂ ಬಗ್ಗಿ ನೋಡುತ್ತ ಬಂದರು. ಹಿಂದೆ ಪೇಟೆಯ ಅರ್ಧ ಜನ. ಸುಬ್ರಮಣಿಯ ಅಂಗಡಿ ಪೂಜೆಗೆ ತೊಳೆದಿಟ್ಟಂತೆ ಇತ್ತು.

"ನಿಮ್ಮಲ್ಲಿ ಏನೂ ಇಲ್ಲವಾ? ಒಂದು ಸ್ಟ್ರಾ ಕೂಡ?" ಎಂದು ಭಾರ್ಗವಿ ಕೇಳಿದರು.

"ಅದ್ರ ಮುಖಾನೇ ನೋಡಿಲ್ಲ ಮೇಡಂ," ಎಂದ ಸುಬ್ರಮಣಿ.

ಅವರು ಯಾಕೋ ಸ್ವಲ್ಪ ಬೇಸರದಿಂದ ಮುಂದೆ ನಡೆದರು. ಪಳನಿ ತನ್ನಲ್ಲಿದ್ದ ಸ್ಟ್ರಾ ಕಟ್ಟನ್ನೂ ಪುದೀನ ಪೊಟ್ಟಣದ ಸರವನ್ನೂ ಗಾಡಿಯ ಮೇಲೆ ಎದ್ದು ಕಾಣುವಂತೆ ಇಟ್ಟಿದ್ದ. ಇಷ್ಟೇ ಇರುವುದು, ತಗೊಳ್ಳಿ, ಇನ್ನು ತರಲ್ಲ ಎಂದು ಕೈಮುಗಿದ. ಭಾರ್ಗವಿಯವರ ಮುಖ ಅರಳಿತು. ಅದನ್ನು ಕಂಡ ಸುಬ್ರಮಣಿ ತಡೆದುಕೊಳ್ಳಲಿಲ್ಲ. ಮುಂದೆ ನುಗ್ಗಿ, ಬುರುಡೆ ಗುಡ್ಡೆಯ ಕಡೆಗೂ ಒಮ್ಮೆ ನೋಡಿಬಿಡಿ ಎಂದ.

ಅಣ್ಣಾಮಲೈಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನೇ ಬುರುಡೆ ಸರಿಸಿ ಚೀಲ ಎಳೆದ. ಹಸಿರು, ಹಳದಿ, ಪಟ್ಟೆ ಪಟ್ಟೆ ಸ್ಟ್ರಾಗಳು ರಸ್ತೆಗೆ ಸುರಿದವು. ಹಿಂದೆಯೇ ಪೊಟ್ಟಣದ ಸರಗಳು ಜಾರಿ ಬಿದ್ದವು. ಪಳನಿ ಬಾಯಿ ತೆರೆದು ನಿಂತ.

"ಸಾಮಿ ಸತ್ಯಮಾ ಇದು ನಂದಲ್ಲ ಮೇಡಂ," ಎಂದ. "ಬೇಕಾದ್ರೆ ಕರ್ಪೂರ ಅಚ್ಚಿ, ಕರ್ಪೂರ ಮೇಲೆ ಒಡೀತೀನಿ."

ಆ ಸೀಮೆಯಲ್ಲಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ ಪ್ರಮಾಣ ಮಾಡಿದರೆ ಮುಗಿಯಿತು. ಅದರ ಮೇಲೆ ಪೊಲೀಸೂ ಇಲ್ಲ, ಕೋರ್ಟೂ ಇಲ್ಲ. ಸುಳ್ಳು ಹೇಳಿದವನನ್ನು ಕಾವಲು ದೇವರು ಮುನಿಯಪ್ಪ ನೋಡಿಕೊಳ್ಳುತ್ತಾನೆ. ಆಡಿದ ಮಾತನ್ನು ಹಿಂದೆ ತೆಗೆದುಕೊಂಡವನಿಗೆ ಊರಿನಲ್ಲಿ ಯಾರೂ ಬೆಂಕಿ ಸಹ ಕೊಡುವುದಿಲ್ಲ. ಪಳನಿ ಕರ್ಪೂರ ಬಡಿದರೆ ಚೀಲ ಯಾರದು ಎಂಬ ಪ್ರಶ್ನೆ ಏಳುತ್ತದೆ. ಬೆಳಿಗ್ಗೆಯಿಂದ ಚೀಲ ಹೊತ್ತು ತಿರುಗಿದವನು ಯಾರೆಂದು ಅಣ್ಣಾಮಲೈಗೂ ನೆನಪಾಗುತ್ತದೆ, ಅವನ ಹಸುವಿಗೂ ನೆನಪಾಗುತ್ತದೆ.

"ನೀನ್ಯಾಕ್ಲಾ ಒಡೀತೀಯ? ನಾನ್ ಒಡೀತೀನಿ," ಎಂದು ಸುಬ್ರಮಣಿ ಅಂಗಿ ತೋಳು ಮಡಿಸಿದ.

ಭಾರ್ಗವಿ ಇದೆಲ್ಲ ಬೇಡ ಎನ್ನುತ್ತಲೇ ಇದ್ದರು, ಕೇಳುವವರು ಯಾರು? ಅಣ್ಣಾಮಲೈ ದೇವರ ಪಟದ ಮುಂದಿದ್ದ ಕರ್ಪೂರದ ಡಬ್ಬಿ ತಂದ. ಒಂದು ಬಿಲ್ಲೆ ಸಾಕಾಗಿತ್ತು. ಆದರೆ ಒಂದೇ ಬಿಲ್ಲೆಯ ಪ್ರಮಾಣವನ್ನು ಪಳನಿಯೂ ಮಾಡಿಬಿಡಬಹುದಲ್ಲ! ಸುಬ್ರಮಣಿ ನೆಲದ ಮೇಲೆ ಒಂದು ಹಿಡಿ ಸುರಿಸಿ ಹಚ್ಚಿಸಿದ. ಬೆಂಕಿ ಮೊಳಕಾಲೆತ್ತರ ಎದ್ದಿತು.

ಆಗಲೇ ಅವನಿಗೆ ಗುಂಪಿನಲ್ಲಿ ಅತ್ತೆ ಕಂಡಳು. ಬೆಳಿಗ್ಗೆ ಆ ಚೀಲದ ಬಾಯಿ ಬಿಚ್ಚಿದವಳು. ದೊಡ್ಡಮುನಿಯಮ್ಮ ಚೀಲದ ಕಡೆ ಕೈ ತೋರಿಸಿ ಏನೋ ಹೇಳಲು ಹೊರಟಳು, ಆದರೆ ಅವಳ ಬಾಯಿ ತುಂಬ ಗುಲಾಬಿ ತಂಬಾಕಿನ ರಸ. ಎದುರಿಗೆ ಇನ್‌ಸ್ಪೆಕ್ಟರಮ್ಮ. ಉಗಿಯುವಂತಿಲ್ಲ, ನುಂಗುವಂತಿಲ್ಲ, ಮಾತಾಡುವಂತಿಲ್ಲ. ಕೆನ್ನೆ ಉಬ್ಬಿಸಿಕೊಂಡು ಊಂ ಊಂ ಎಂದಳು.

"ಮುನಿಯಪ್ಪನಾಣೆ, ಈ ಚೀಲ ಅಷ್ಟೂ ಪಳನೀದು," ಎಂದು ಸುಬ್ರಮಣಿ ಕೂಗಿದ. "ಇದ್ರಾಗೆ ನಂದು ಒಂದು ಸ್ಟ್ರಾನೂ ಇಲ್ಲ, ಇನ್ ಮುಂದೂ ನಂದು ಅನ್ನಾಕಿಲ್ಲ."

ಬಲಗೈಯಿಂದ ಬಡಿದ. ಬೆಂಕಿ ಆರಲಿಲ್ಲ. ಎಡಗೈಯಿಂದಲೂ ಬಡಿದ. ಕರಗಿದ ಕರ್ಪೂರ ಎರಡೂ ಅಂಗೈಗೆ ಅಂಟಿಕೊಂಡು ಉರಿಯಿತು. ಕಡೆಗೆ ಚಿನ್ನತಾಯಿ ಟೀ ಲೋಟ ತೊಳೆಯುವ ನೀರು ಸುರಿದಳು. ಪ್ರಮಾಣವೂ ಆಯಿತು, ಕೈಯೂ ಆಯಿತು. ಕಣ್ಣಲ್ಲಿ ನೀರು ಬರುತ್ತಿದ್ದರೂ ಸುಬ್ರಮಣಿ ಗೆದ್ದವನಂತೆ ಷಡ್ಡಕನನ್ನು ನೋಡಿದ.

ಪಳನಿ ಸಿಟ್ಟಾಗಲಿಲ್ಲ. ಅವನು ದೇವರಿಗೆ ಹೆದರುವ ಮನುಷ್ಯ. ಅಣ್ಣನೇ ಎರಡು ಕೈಯಲ್ಲಿ ಕರ್ಪೂರ ಬಡಿದ ಮೇಲೆ ತನ್ನ ಮೇಲೆಯೇ ಅವನಿಗೆ ಅನುಮಾನ ಬಂತು. ಮುನಿಲಕ್ಷ್ಮಿ ಏನಾದರೂ ತರಿಸಿಟ್ಟಿರಬೇಕು, ಹಳೆಯ ಸರಕು ತನಗೇ ಮರೆತಿರಬೇಕು.

"ಅಣ್ಣ ಅಂಗೆ ಸತ್ಯ ಮಾಡವ್ನೆ ಅಂದ್ರೆ ನಂದೇ ಇರ್ಬೇಕು ಮೇಡಂ," ಎಂದು ತಲೆ ಬಗ್ಗಿಸಿದ. "ಇದೂ ತಗೊಂಬುಡಿ. ನಾನಾಗೇ ಕೊಡ್ತಾ ಇವ್ನಿ."

ಭಾರ್ಗವಿ ತಕ್ಕಡಿ ತರಿಸಿ ಚೀಲ ತೂಗಿಸಿದರು. ಆಮೇಲೆ ಟೀ ಅಂಗಡಿಯ ಬೆಂಚಿನ ಪಕ್ಕ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು:

"ಮೂಲೆ ಅಂಗಡಿ ಯಾರಿಗೆ ಅನ್ನೋದನ್ನ ನಾವು ಬೇಕಂತಲೇ ಮುಂಚೆ ಹೇಳಿರಲಿಲ್ಲ. ಹೇಳಿದ್ರೆ ಜನ ಧರ್ಮಪುರಿಯಿಂದ ಕೊಂಡು ತಂದು ಕೊಟ್ಟುಬಿಡೋರು. ಯಾರು ತಮ್ಮ ಸರಕನ್ನ ತಾವಾಗಿಯೇ ಎಲ್ಲರಿಗಿಂತ ಹೆಚ್ಚು ಬಿಟ್ಟುಕೊಡ್ತಾರೋ ಅವರಿಗೆ ಅಂತ ಪಂಚಾಯ್ತಿ ತೀರ್ಮಾನ ಮಾಡಿದೆ. ಬಿಡೋಕೆ ಇದ್ದೋರು ತಾನೇ ಬಿಡೋದು? ಪಳನಿಯವರೇ, ಅಂಗಡಿ ನಿಮ್ಮದು."

ಜನ ಚಪ್ಪಾಳೆ ತಟ್ಟಿದರು. ಸುಬ್ರಮಣಿಗೆ ತಟ್ಟಲು ಕೈ ಇರಲಿಲ್ಲ. ಆ ಚೀಲ ನಂದು ಎಂಬ ಮಾತು ಗಂಟಲವರೆಗೆ ಬಂತು. ನೆಲದ ಮೇಲೆ ಕರ್ಪೂರದ ಕರಿ ಕಲೆ ಇನ್ನೂ ಬಿಸಿಯಾಗಿತ್ತು. ಸುತ್ತ ಇಡೀ ಪೇಟೆ ನಿಂತಿತ್ತು. ಮಾತು ಹಾಗೆಯೇ ಕೆಳಗಿಳಿದು ಹೋಯಿತು.

ದೊಡ್ಡಮುನಿಯಮ್ಮ ಬೇವಿನ ಮರದ ಹಿಂದೆ ಹೋಗಿ ಬಾಯಿ ಖಾಲಿ ಮಾಡಿಕೊಂಡು ಬಂದಳು. ಅಳಿಯನ ಹತ್ತಿರ ನಿಂತು ಸೆರಗು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಕೇಳಿದಳು.

"ಆ ಚೀಲ ಬೆಳಿಗ್ಗೆ ನಿಮ್ ಮಂಚದ ಕೆಳಗೆ ಇತ್ತಲ್ಲ ಅಳೀಂದ್ರೇ? ನಂದೇ ಅಂತ ಒಂದು ಮಾತು ಅಂದಿದ್ರೆ ಅಂಗ್ಡಿ ನಿಮ್ಗೇ ಸಿಕ್ತಿತ್ತು."

"ಸುಮ್ನಿರತ್ತೆ," ಎಂದ ಸುಬ್ರಮಣಿ. ಅವನ ದನಿ ಅವನಿಗೇ ಕೇಳಿಸಲಿಲ್ಲ.

ಪಳನಿ ಬೀಗದ ಕೈ ಇಸಿದುಕೊಂಡು ಬಂದು ಮೂಲೆ ಅಂಗಡಿಯ ಬಾಗಿಲು ತೆರೆದ. ಫ್ಯಾನ್ ಹಾಕಿದ. ಅದು ಸದ್ದಿಲ್ಲದೆ ತಿರುಗಿತು. ಅಣ್ಣ ಅಷ್ಟು ಕಷ್ಟಪಟ್ಟು ಸತ್ಯ ಹೇಳದೆ ಇದ್ದಿದ್ದರೆ ತನಗೆ ಇದೆಲ್ಲಿ ಸಿಕ್ಕುತ್ತಿತ್ತು ಎಂದು ಬಂದವರಿಗೆಲ್ಲ ಹೇಳಿದ. ಹೊಸ ಅಂಗಡಿಯ ಮೊದಲ ಎಳನೀರು ಅಣ್ಣನಿಗೇ ಎಂದು ಕೆತ್ತಿ ಮುಂದೆ ಹಿಡಿದ.

ಸುಬ್ರಮಣಿಯ ಎರಡು ಕೈಗೂ ಚಿನ್ನತಾಯಿ ಹಳೇ ಪಂಚೆ ಹರಿದು ಸುತ್ತಿದ್ದಳು. ಬುರುಡೆ ಎತ್ತಲು ಆಗಲಿಲ್ಲ. ಒಂದು ಸ್ಟ್ರಾ ಇದ್ದರೆ ಬಗ್ಗಿ ಹೀರಬಹುದಿತ್ತು. ಪೆನ್ನಾಗರಂನಲ್ಲಿ ಇದ್ದ ಸ್ಟ್ರಾಗಳೆಲ್ಲ ಪಂಚಾಯ್ತಿ ವ್ಯಾನಿನಲ್ಲಿ ಆಗಲೇ ಹೊರಟುಹೋಗಿದ್ದವು.

"ಬಾಯ್ ತೆಗಿ ಅಣ್ಣಾ, ನಾನೇ ಉಯ್ತೀನಿ," ಎಂದ ಪಳನಿ.

ಧರ್ಮಪುರಿ ಬಸ್ಸೂ ಹೊಗೇನಕಲ್ ಬಸ್ಸೂ ತುಂಬಿ ನಿಂತಿದ್ದವು. ಕಿಟಕಿಯವರೆಲ್ಲ ನೋಡುತ್ತಿದ್ದರು. ಸುಬ್ರಮಣಿ ಫ್ಯಾನಿನ ಕೆಳಗೆ ತಲೆ ಹಿಂದಕ್ಕೆ ಮಾಡಿ ಕೂಸಿನಂತೆ ಬಾಯಿ ತೆರೆದ. ಪಳನಿ ಒಂದು ಕೈಯಲ್ಲಿ ಅವನ ಗದ್ದ ಹಿಡಿದು, ಇನ್ನೊಂದರಲ್ಲಿ ಎಳನೀರನ್ನು ಸಣ್ಣಗೆ ಧಾರೆ ಕಟ್ಟಿ ಹುಯ್ದ. ಅದು ತುಂಬ ಸಿಹಿಯಾಗಿತ್ತು. ತನ್ನ ಸರಬತ್ತು ಒಂದು ದಿನವೂ ಇಷ್ಟು ರುಚಿಯಾಗಿರಲಿಲ್ಲವಲ್ಲ ಎಂದು ಸುಬ್ರಮಣಿಯ ಹೊಟ್ಟೆ, ಅಷ್ಟು ತಂಪು ಒಳಗಿಳಿಯುತ್ತಿದ್ದರೂ, ಮತ್ತೆ ಉರಿಯಲು ಶುರುವಾಯಿತು.